ಊರೆಲ್ಲ ಒಂದೇ ಮನೆ: ಕುರೊಕಾವಾದ ಬಿಸಿನೀರಿನ ಆತಿಥ್ಯ

ಜಪಾನಿನ ಸಾಂಪ್ರದಾಯಿಕ ವಸತಿಗೃಹಕ್ಕೆ ರ್ಯೊಕಾನ್ ಎನ್ನುತ್ತಾರೆ. ಅಲ್ಲಿ ತಂಗಿ ಬಂದವರು ಕೋಣೆಯ ಚಂದ, ಊಟದ ಸೊಗಸು, ಒಡತಿಯ ವಿನಯ ಇಷ್ಟನ್ನು ಹೊಗಳಿ ಮಾತು ಮುಗಿಸುವುದುಂಟು. ಕ್ಯೂಶು ದ್ವೀಪದ ಕುಮಾಮೊಟೊ ಪ್ರಾಂತ್ಯದ ಕುರೊಕಾವಾ ಒನ್ಸೆನ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಈ ಅಳತೆಗೋಲು ಸಾಲದು. ಆಸೊ ಜ್ವಾಲಾಮುಖಿಯ ಉತ್ತರಕ್ಕೆ, ಸಣ್ಣ ಹೊಳೆಯೊಂದರ ಕಣಿವೆಯಲ್ಲಿ ಸುಮಾರು 30 ರ್ಯೊಕಾನ್‌ಗಳಿರುವ ಊರು ಇದು. ಇಲ್ಲಿ ಮೆಚ್ಚಬೇಕಾದದ್ದು ಯಾವುದೋ ಒಂದು ವಸತಿಗೃಹವನ್ನಲ್ಲ, ಎಲ್ಲರೂ ಸೇರಿ ಮಾಡಿಕೊಂಡ ಒಪ್ಪಂದವನ್ನು.

ಒಂದು ಕಾಲಕ್ಕೆ ಈ ಊರನ್ನು ಕೇಳುವವರಿರಲಿಲ್ಲ. ಶಿನ್ಮೆಯ್‌ಕಾನ್ ಎಂಬ ರ್ಯೊಕಾನ್‌ನ ಗೊತೊ ತೆತ್ಸುಯಾ ಮಾತ್ರ ಉಳಿ, ಸುತ್ತಿಗೆ ಹಿಡಿದು ವರ್ಷಗಟ್ಟಲೆ ಬಂಡೆ ಕೊರೆದು ಗುಹೆಯೊಳಗೆ ಸ್ನಾನದ ಕೊಳ ಮಾಡಿದರು. ಜನ ಅಲ್ಲಿಗೆ ಬರತೊಡಗಿದಾಗ ಅವರು ಗುಟ್ಟು ಮಾಡದೆ ನೆರೆಯವರಿಗೂ ಬಯಲು ಕೊಳ ಕಟ್ಟುವ ದಾರಿ ತೋರಿಸಿದರು. ಆದರೆ ಎರಡು ರ್ಯೊಕಾನ್‌ಗಳಿಗೆ ಕೊಳ ಕಟ್ಟಲು ಜಾಗವೇ ಇರಲಿಲ್ಲ. ಅವರ ಕೈ ಬಿಡಬಾರದೆಂದು 1986ರಲ್ಲಿ ಹುಟ್ಟಿದ್ದು ತೆಗಾತಾ. ಸುಗಿ ಮರದಿಂದ ಮಾಡಿದ, ಅಂಗೈಯಲ್ಲಿ ಹಿಡಿಸುವ ದುಂಡನೆಯ ಬಿಲ್ಲೆ. ಕೊರಳಿಗೆ ಹಾಕಿಕೊಳ್ಳಲು ಒಂದು ದಾರ. ಅದನ್ನು ಕೊಂಡವರು ಊರಿನ ಮೂರು ರ್ಯೊಕಾನ್‌ಗಳ ಕೊಳಕ್ಕಿಳಿಯಬಹುದು. ಬಂದ ಹಣದಲ್ಲಿ ಒಂದು ಪಾಲು ರ್ಯೊಕಾನ್‌ಗಳ ಸಂಘಕ್ಕೆ ಸೇರಿ, ಗಿಡ ನೆಡಲು, ಊರನ್ನು ಅಂದಗೊಳಿಸಲು ಬಳಕೆಯಾಯಿತು. ತಂತಮ್ಮ ಜಾಹೀರಾತು ಫಲಕಗಳನ್ನೂ ಮಾಲೀಕರು ಕಿತ್ತುಹಾಕಿದರು. ರಸ್ತೆಯೇ ಪಡಸಾಲೆ, ಒಂದೊಂದು ರ್ಯೊಕಾನ್ ಒಂದೊಂದು ಕೋಣೆ ಎಂಬುದು ಇವರ ಘೋಷಣೆ. ಸಂಜೆ ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಟ್ಟು, ಮರದ ಚಪ್ಪಲಿ ಮೆಟ್ಟಿ, ಒಂದು ಅಂಗಳದಿಂದ ಇನ್ನೊಂದಕ್ಕೆ ನಡೆಯುವ ಅತಿಥಿಗಳನ್ನು ಕಂಡರೆ ಇದು ಬರೀ ಘೋಷಣೆಯಲ್ಲ ಎಂದು ತಿಳಿಯುತ್ತದೆ.

ಕೊಳದ ಶಿಸ್ತೂ ಇದೇ ಮನೋಭಾವದ್ದು. ಗೋಡೆಯ ಬದಿಯ ಗಿಡ್ಡ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ, ನೊರೆ ಒಂದಿಷ್ಟೂ ಉಳಿಯದಂತೆ ಮೈ ತೊಳೆದ ಮೇಲೆಯೇ ನೀರಿಗಿಳಿಯಬೇಕು. ಕೈಯಲ್ಲಿನ ಚಿಕ್ಕ ಟವೆಲ್ ಕೂಡ ನೀರಿಗೆ ತಾಗಬಾರದು. ಅದನ್ನು ಮಡಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಕೊಳೆ ಕಳೆಯುವ ಜಾಗ ಬೇರೆ, ಮೈ ಕಾಯಿಸುವ ಜಾಗ ಬೇರೆ. ನೀರು ನನ್ನೊಬ್ಬನದಲ್ಲ ಎಂಬ ಅರಿವನ್ನು ಇಷ್ಟು ಸರಳವಾಗಿ ಕಲಿಸುವ ಪದ್ಧತಿಗಳು ವಿರಳ.

ಊಟದ ವಿಷಯದಲ್ಲಿ ನನಗೆ ತಕರಾರಿದೆ. ರ್ಯೊಕಾನ್ ಬಾಡಿಗೆ ಸಾಮಾನ್ಯವಾಗಿ ತಲೆ ಲೆಕ್ಕದ್ದು, ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ಏನು ಬಡಿಸಬೇಕು, ಎಷ್ಟು ಹೊತ್ತಿಗೆ ಎಂಬುದನ್ನು ಮನೆಯವರೇ ತೀರ್ಮಾನಿಸುತ್ತಾರೆ. ಋತುವಿಗೆ ತಕ್ಕ ತರಕಾರಿ, ಹೊಳೆಯ ಮೀನು, ಅದಕ್ಕೊಪ್ಪುವ ಪಿಂಗಾಣಿ ಎಲ್ಲವೂ ಅಚ್ಚುಕಟ್ಟು. ಆದರೆ ಸಸ್ಯಾಹಾರಿ ಕನ್ನಡಿಗರಿಗೆ ಇದು ಕಷ್ಟ, ಏಕೆಂದರೆ ತರಕಾರಿ ಬೇಯಿಸುವ ಸಾರಿಗೂ ಒಣಗಿಸಿದ ಬೊನಿಟೊ ಮೀನೇ ಆಧಾರವಾಗಿರುವುದುಂಟು. ಅತಿಥಿಯ ಮನಸ್ಸನ್ನು ಮೊದಲೇ ಅರಿಯುವುದು ದೊಡ್ಡ ಗುಣ. ತಮ್ಮ ಊಹೆಗೆ ಹೊಂದದ ಅತಿಥಿ ಬಂದಾಗ ಅವರನ್ನು ಕೇಳಿ ತಿಳಿಯುವುದು ಇನ್ನೂ ದೊಡ್ಡದು.

ಇದಕ್ಕಿಂತ ಗಂಭೀರವಾದದ್ದು 2003ರ ಘಟನೆ. ಕುಷ್ಠರೋಗಿಗಳನ್ನು ಬೇರ್ಪಡಿಸಿಡುತ್ತಿದ್ದ ಕಾನೂನು 1996ರಲ್ಲೇ ರದ್ದಾಗಿತ್ತು. ಆ ನೀತಿ ಸಂವಿಧಾನಕ್ಕೆ ವಿರುದ್ಧವೆಂದು 2001ರಲ್ಲಿ ಕುಮಾಮೊಟೊ ನ್ಯಾಯಾಲಯವೇ ತೀರ್ಪು ಕೊಟ್ಟಿತ್ತು. ಹಾಗಿದ್ದೂ ಕಿಕುಚಿ ಕೆಯ್‌ಫೂಯೆನ್ ಕುಷ್ಠರೋಗ ಚಿಕಿತ್ಸಾಧಾಮದಲ್ಲಿದ್ದ, ಕಾಯಿಲೆ ವಾಸಿಯಾದವರಿಗಾಗಿ ಪ್ರಾಂತ್ಯ ಸರ್ಕಾರ ಕಾದಿರಿಸಿದ್ದ ಕೋಣೆಗಳನ್ನು ಕುರೊಕಾವಾದ ಒಂದು ಹೋಟೆಲ್ ಕೊಡಲಿಲ್ಲ. ಬೇರೆ ಅತಿಥಿಗಳಿಗೆ ತೊಂದರೆ ಎಂಬುದು ಅದು ಕೊಟ್ಟ ಕಾರಣ. ಸರ್ಕಾರ ಕ್ರಮ ಕೈಗೊಂಡಿತು, ಮರುವರ್ಷ ಆ ಹೋಟೆಲ್ ಮುಚ್ಚಿತು. ತಪ್ಪು ಒಂದು ಹೋಟೆಲಿನದು, ನಿಜ. ಆದರೆ ಉಳಿದ ಅತಿಥಿಗಳ ಹೆಸರು ಹೇಳಿ ಕೆಲವರನ್ನು ಹೊರಗಿಡುವ ತರ್ಕ ಆ ಹೋಟೆಲಿನೊಂದಿಗೆ ಮುಗಿದಿಲ್ಲ. ಹಚ್ಚೆ ಇದ್ದವರನ್ನು ಜಪಾನಿನ ಎಷ್ಟೋ ಕೊಳಗಳು ಈಗಲೂ ಒಳಗೆ ಬಿಡುವುದಿಲ್ಲ.

ಹಾಗಾಗಿ ನನ್ನ ಮೆಚ್ಚುಗೆ ದೊಡ್ಡದು, ಆದರೆ ಅದಕ್ಕೊಂದು ಷರತ್ತಿದೆ. ಕೋಣೆಗೊಂದು ಖಾಸಗಿ ಕೊಳವಿದ್ದರೆ ಅದೇ ಐಷಾರಾಮ ಎಂದು ನಂಬುವ ಕಾಲದಲ್ಲಿ, ಜಾಗವಿಲ್ಲದ ನೆರೆಯವರಿಗಾಗಿ ಕುರೊಕಾವಾ ತನ್ನ ನೀರನ್ನೇ ಹಂಚಿಕೊಂಡಿತು. ಆ ಔದಾರ್ಯ ಮೊದಲು ಮಾಲೀಕರ ನಡುವೆ ಹುಟ್ಟಿತು. ಬಾಗಿಲಿಗೆ ಬಂದ ಪ್ರತಿಯೊಬ್ಬರಿಗೂ ಅದು ಸಲ್ಲಬೇಕು. ರ್ಯೊಕಾನನ್ನು ಊಟದ ಬಗೆಗಳನ್ನು ಎಣಿಸಿ ಅಳೆಯುವುದು ಸುಲಭ. ಅದರ ಕೊಳಕ್ಕೆ ಯಾರೆಲ್ಲ ಇಳಿಯಬಹುದು ಎಂದು ಕೇಳುವುದು ಸರಿಯಾದ ಅಳತೆ.