ಅಂಕಿತವೇ ಕೃತಿಯಾದಾಗ

ರಷ್ಯದ ದ್ಮಿತ್ರಿ ಶೋಸ್ತಕೋವಿಚ್ ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಈ ನಾಲ್ಕೇ ವಾದ್ಯಗಳಿಗೆಂದು 15 ಕ್ವಾರ್ಟೆಟ್‌ಗಳನ್ನು ರಚಿಸಿದ. ಮೊದಲನೆಯದು 1938ರದು, ಕೊನೆಯದು 1974ರದು. ಅವುಗಳಲ್ಲಿ ಎಂಟನೆಯದರಷ್ಟು ಪ್ರಸಿದ್ಧವಾದದ್ದು ಬೇರೊಂದಿಲ್ಲ. ವ್ಯಾಖ್ಯಾನಕಾರರ ಕೈಗೆ ಸಿಕ್ಕಿ ಅಷ್ಟು ನಲುಗಿದ್ದೂ ಇಲ್ಲ.

1960ರ ಜುಲೈ ತಿಂಗಳಲ್ಲಿ ಡ್ರೆಸ್ಡನ್ ನಗರದ ಬಳಿಯ ಗೋರಿಶ್ ಎಂಬಲ್ಲಿ, ಮೂರೇ ದಿನಗಳಲ್ಲಿ, ಇದು ಸಿದ್ಧವಾಯಿತು. ಅರ್ಪಣೆ, ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರ ನೆನಪಿಗೆ. ಆದರೆ ಗೆಳೆಯ ಗ್ಲಿಕ್‌ಮನ್‌ನಿಗೆ ಬರೆದ ಕಾಗದದಲ್ಲಿ ಅವನು ಬೇರೆಯೇ ಮಾತು ಹೇಳಿದ: ತಾನು ಸತ್ತ ಮೇಲೆ ತನ್ನ ನೆನಪಿಗೆ ಯಾರೂ ಬರೆಯಲಾರರಾದ್ದರಿಂದ ತಾನೇ ಬರೆದುಕೊಂಡನಂತೆ! ಅದೇ ವರ್ಷ ಅವನನ್ನು ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿಸಿಕೊಳ್ಳಲಾಗಿತ್ತು. ಅಂದಿನಿಂದ ಕೇಳುಗರಲ್ಲಿ ಎರಡು ಪಂಗಡ. ನಾಲ್ಕನೆಯ ಭಾಗದಲ್ಲಿ ಮೊದಲ ಪಿಟೀಲು ಒಂದೇ ಸ್ವರ ಹಿಡಿದು ನಿಂತಿರುವಾಗ ಉಳಿದ ವಾದ್ಯಗಳು ಮೂರು ಮೂರಾಗಿ ಪೆಟ್ಟು ಹೊಡೆಯುತ್ತವೆ. ಒಬ್ಬರಿಗೆ ಅದು ಬಾಂಬು. ಇನ್ನೊಬ್ಬರಿಗೆ ನಡುರಾತ್ರಿ ಪೋಲೀಸರು ಬಾಗಿಲು ಬಡಿಯುವ ಸದ್ದು.

ಇಬ್ಬರೂ ಸ್ವರಗಳಿಂದ ಕಿವಿ ತಿರುಗಿಸಿ ವಾದಿಸುತ್ತಿದ್ದಾರೆಂದು ನನಗೆ ತೋರುತ್ತದೆ. ಕೃತಿ ಆರಂಭವಾಗುವುದೇ ಚೆಲ್ಲೊ ಒಂಟಿಯಾಗಿ ನುಡಿಸುವ ನಾಲ್ಕು ಸ್ವರಗಳಿಂದ. ಜರ್ಮನ್ ಸ್ವರನಾಮಗಳಲ್ಲಿ ಅವು ಅವನ ಹೆಸರಿನ ಮೊದಲಕ್ಷರಗಳು. ನಮ್ಮವರ ಬಾಯಲ್ಲಿ ಹೇಳುವುದಾದರೆ ರಿ, ಗ, ಸ, ನಿ. ದಾಸರ ಪದದಲ್ಲಿ ಅಂಕಿತ ಕೊನೆಗೆ ಬಂದು, ಹಾಡಿದವನನ್ನು ದೇವರ ಹೆಸರಿನ ಹಿಂದೆ ಮರೆಸುತ್ತದೆ. ಇಲ್ಲಿ ಹಾಡಿದವನ ಹೆಸರೇ ಮೊದಲು ಬಂದು, ಐದು ಭಾಗಗಳಲ್ಲೂ ಬೆನ್ನುಬಿಡದೆ ಸುತ್ತುತ್ತದೆ. ಇದು ಅಹಂಕಾರವೆ? ಎರಡನೆಯ ಭಾಗದಲ್ಲಿ ಆ ಹೆಸರಿನ ಬೆನ್ನಿಗೇ, 1944ರ ಟ್ರಯೊದಿಂದ ಎತ್ತಿಕೊಂಡ ಯೆಹೂದಿ ಧಾಟಿ ಚೀರುತ್ತ ಬರುತ್ತದೆ. ನಾಲ್ಕನೆಯದರಲ್ಲಿ ಸೆರೆಯಲ್ಲಿ ಸತ್ತವನನ್ನು ಕುರಿತ ಹಳೆಯ ಕ್ರಾಂತಿಗೀತೆ. ಅದರ ನಂತರ, ಚೆಲ್ಲೊ ತನ್ನ ತಾರಸ್ಥಾಯಿಗೆ ಏರಿ, 1936ರಲ್ಲಿ ‘ಪ್ರಾವ್ದಾ’ ಪತ್ರಿಕೆ ಹಳಿದಿದ್ದ ಅವನದೇ ಸಂಗೀತನಾಟಕದ ನಾಯಿಕೆಯ ರಾಗವನ್ನು ಮೆಲ್ಲಗೆ ಹಾಡುತ್ತದೆ. ಸತ್ತವರ ಸಾಲಿನಲ್ಲಿ ತಾನೂ ಹೋಗಿ ಕುಳಿತವನ ಸಂಗೀತ ಇದು. ಅರ್ಪಣೆಯೂ ನಿಜ, ಕಾಗದವೂ ನಿಜ.

ಬಾರ್ಷಾಯ್ ಇದನ್ನು ತಂತಿವಾದ್ಯಗಳ ದೊಡ್ಡ ಮೇಳಕ್ಕೆ ಅಳವಡಿಸಿದ್ದಾನೆ. ನಾದ ತುಂಬಿಕೊಂಡಿದೆ, ನಿಜ. ಆದರೆ ಒಂಟಿ ಚೆಲ್ಲೊ ಆ ರಾಗಕ್ಕೆ ಏರುವಾಗ ಕೇಳಿಸುವ ಬಿಲ್ಲಿನ ನಡುಕ ಅಲ್ಲಿಲ್ಲ. ನಾಲ್ವರೇ ನುಡಿಸಿದ ಮುದ್ರಿಕೆಯನ್ನು ಹುಡುಕಿ ಕೇಳಬೇಕು.