ಕೊಟ್ಟಿಗೆಯ ಕೇರೆ

ಹಿತ್ತಿಲು ನೋಡುವ ಹುಚ್ಚಿಗೆ ದುರ್ಬೀನು ಬೇಕಿಲ್ಲ, ಸೋಮಾರಿತನ ಬೇಕು. ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಏನೂ ಮಾಡದೆ ಕೂರುವುದನ್ನು ಮನೆಯವರು ಸಹಿಸಿಕೊಳ್ಳಬೇಕು, ಅಷ್ಟೇ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯಲ್ಲಿ ನನ್ನ ಜಾಗ ಬಚ್ಚಲ ಹಿಂದಿನ ಬಟ್ಟೆ ಒಗೆಯುವ ಕಲ್ಲು. ನಾಲ್ಕು ಗಂಟೆಯ ಕಾಫಿ ಹಿಡಿದು ಅಲ್ಲಿ ಕೂತರೆ ಎದುರಿಗೆ ಗೊಬ್ಬರಗುಂಡಿ, ಎಡಕ್ಕೆ ಕೊಟ್ಟಿಗೆ, ಆಚೆ ಅಡಿಕೆ ತೋಟ. ಬಾಳೆ ಹೂವಿಗೆ ಸೂರಕ್ಕಿ ಬರುತ್ತದೆ. ದಾಸವಾಳದ ಸಂದಿಯಲ್ಲಿ ಟುವ್ವಿ ಹಕ್ಕಿ ಜೇಡರ ಬಲೆಯ ನೂಲಿನಿಂದ ಎಲೆ ಹೊಲಿಯುತ್ತದೆ. ಅವುಗಳದ್ದು ಇನ್ನೊಂದು ವಾರಕ್ಕಿರಲಿ. ಇವತ್ತು ಕೇರೆಯದೇ ಕಥೆ.

ನಮ್ಮ ಕೊಟ್ಟಿಗೆಯಲ್ಲಿ ಒಂದು ಕೇರೆ ಯಾವತ್ತೂ ಇದ್ದೇ ಇದೆ. ಹಿಂಡಿ ಚೀಲಕ್ಕೆ ಇಲಿ, ಇಲಿಗೆ ಕೇರೆ, ಲೆಕ್ಕ ಇಷ್ಟೇ. ಅಜ್ಜಿಯ ಲೆಕ್ಕ ಬೇರೆ ಇತ್ತು. ಹಸು ಹಾಲು ಕಡಿಮೆ ಕೊಟ್ಟ ದಿನ ಅನುಮಾನವೆಲ್ಲ ಕೇರೆಯ ಮೇಲೆ. ಹಿಂಗಾಲಿಗೆ ಸುತ್ತಿಕೊಂಡು ಕೆಚ್ಚಲಿಗೆ ಬಾಯಿ ಹಾಕುತ್ತದಂತೆ! ಹಾವಿಗೆ ಚೀಪುವ ತುಟಿಯೇ ಇಲ್ಲ. ಒಳಕ್ಕೆ ಬಾಗಿದ ಸೂಜಿಯಂಥ ಹಲ್ಲು ಕೆಚ್ಚಲಿಗೆ ತಾಗಿದರೆ ನಮ್ಮ ಗೌರಿ ಸುಮ್ಮನೆ ನಿಲ್ಲುವವಳೂ ಅಲ್ಲ. ಬಾಲದಲ್ಲಿ ವಿಷವಿದೆ, ಬಡಿದರೆ ಮೈ ಕೊಳೆಯುತ್ತದೆ ಎನ್ನುವುದು ಇನ್ನೊಂದು ಮಾತು. ಕೇರೆಗೆ ಬಾಯಲ್ಲೂ ವಿಷವಿಲ್ಲ, ಬಾಲದಲ್ಲೂ ಇಲ್ಲ. ಆದರೂ ನಾಗರವೆಂದು ತಿಳಿದು ಬಡಿಯುವವರು ಇದ್ದಾರೆ. ಗುರುತು ಕಷ್ಟವಿಲ್ಲ: ದೊಡ್ಡ ದುಂಡು ಕಣ್ಣು, ತುಟಿಯುದ್ದಕ್ಕೂ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಕಪ್ಪು ಗೀಟುಗಳು. ಮೂಲೆಗೆ ಸಿಕ್ಕಿಕೊಂಡರೆ ಕತ್ತು ಉಬ್ಬಿಸಿ ಗುರ್ರೆನ್ನುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ಹಿಂಡಿ ಚೀಲದ ಹಿಂದೆ ಬೆಕ್ಕು ಮರಿ ಹಾಕಿದೆ ಎಂದುಕೊಂಡು ಕೈ ಹಾಕಲು ಹೋಗಿದ್ದೆ.

ಒಂದು ಏಪ್ರಿಲ್, ಮೊದಲ ಮಳೆ ಬಿದ್ದ ಮಾರನೇ ದಿನ. ಗೊಬ್ಬರಗುಂಡಿಯ ಪಕ್ಕ ಎರಡು ಕೇರೆ ಹುರಿ ಹೊಸೆದ ಹಗ್ಗದ ಹಾಗೆ ಸುತ್ತಿಕೊಂಡು ಮೊಳದೆತ್ತರ ಎದ್ದವು. "ಹಾವು ಹೆಣೆಯಾಡ್ತಿವೆ!" ಎಂದು ಕೂಗಿದ್ದೇ ತಪ್ಪಾಯಿತು. ಚಿಕ್ಕಮ್ಮ ಹೊಸ ಬಿಳಿ ಪಂಚೆ ಹಿಡಿದು ಓಡಿ ಬಂದರು. ಮೇಲೆ ಹಾಸಿ ತಂದು ದೇವರ ಮುಂದಿಟ್ಟರೆ ಐಶ್ವರ್ಯವಂತೆ. ತಡೆದು ಕಲ್ಲಿನ ಮೇಲೆ ಕೂರಿಸಿಕೊಂಡೆ. ಕಚ್ಚಾಟವಿಲ್ಲ, ಸದ್ದಿಲ್ಲ. ಒಂದರ ತಲೆ ಇನ್ನೊಂದರ ಕತ್ತಿನ ಮೇಲೇರಿ ನೆಲಕ್ಕೆ ಒತ್ತುತ್ತದೆ, ಕೆಳಗಿನದು ನುಣುಚಿಕೊಂಡು ಮತ್ತೆ ಮೇಲೇರುತ್ತದೆ. ದಸರಾ ಕುಸ್ತಿ ನೋಡಿದವರಿಗೆ ಪಟ್ಟು ಅರ್ಥವಾಗುತ್ತದೆ. ಮುಕ್ಕಾಲು ಗಂಟೆಯ ಮೇಲೆ ಒಂದು ಸೋತು ತೋಟದ ಅಗಳಿಗೆ ಇಳಿಯಿತು, ಗೆದ್ದದ್ದು ನಾಲ್ಕು ಮಾರು ಅಟ್ಟಿಸಿಕೊಂಡು ಹೋಗಿ ತಿರುಗಿ ಬಂತು. ಇದು ಮಿಲನವಲ್ಲ, ಎರಡೂ ಗಂಡು, ಹೆಣ್ಣಿಗಾಗಿ ಜಗಳ ಎಂದು ವಿವರಿಸಿದೆ. ಕೇರೆ ಹೆಣ್ಣು, ನಾಗರ ಗಂಡು ಎಂದು ನಂಬಿದ್ದ ಚಿಕ್ಕಮ್ಮ ಪಂಚೆ ಮಡಚುತ್ತಾ, "ಎರಡೂ ಗಂಡಾದ್ರೆ ಒಳ್ಳೇದೇ ಆಯ್ತು ಬಿಡು ಮಾರಾಯ, ಮರಿ ಕಾಟ ಇಲ್ಲ" ಎಂದರು.

ಕೇರೆ ಸಾಕಿಕೊಂಡರೆ ಅದರ ನೆಂಟನನ್ನೂ ಸಹಿಸಿಕೊಳ್ಳಬೇಕು. ಆಗುಂಬೆ ಸುತ್ತಿನ ಮನೆಗಳಿಗೆ ಕಾಳಿಂಗ ಬರುವುದು ಮನುಷ್ಯರನ್ನು ಹುಡುಕಿಕೊಂಡಲ್ಲ, ಕೇರೆಯ ಜಾಡು ಹಿಡಿದು. ನಮ್ಮಲ್ಲಿಗೂ ಒಮ್ಮೆ ಬಂತು. ಸೌದೆಮನೆಗೆ ನುಗ್ಗಿದ ಕೇರೆಯ ಹಿಂದೆಯೇ ಹತ್ತಡಿಯಷ್ಟು ಉದ್ದದ ಹಾವು, ನೀರು ಹರಿದ ಹಾಗೆ, ಒಳಗೆ. ಹಾವು ಹಿಡಿಯುವವರಿಗೆ ಫೋನ್ ಮಾಡಿ ಎಂದರು ಅಕ್ಕಪಕ್ಕದವರು. ಅಂಗಳದಲ್ಲಿ ಜನ ಹೆಡೆಯೆದುರು ಮೊಬೈಲ್ ಹಿಡಿದು ನಿಲ್ಲುವ ಆ ಜಾತ್ರೆ ನನಗಾಗುವುದಿಲ್ಲ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದವರು ದೂರ ಒಯ್ದು ಬಿಟ್ಟ ಹಾವು ನೆಲೆಯಿಲ್ಲದೆ ಅಲೆಯುವುದನ್ನು ಕಂಡಿದ್ದಾರೆ. ನಾಯಿ ಕಟ್ಟಿ, ಹಿಂಬಾಗಿಲು ತೆರೆದಿಟ್ಟು, ಎಲ್ಲರೂ ಜಗುಲಿಯಲ್ಲಿ ಕೂತೆವು. ಆ ದಿನ ಕಾಫಿಯೂ ಇಲ್ಲ, ಬಚ್ಚಲಿಗೆ ಬೆಂಕಿಯೂ ಇಲ್ಲ. ಸಂಜೆ ಹೊಟ್ಟೆಯಲ್ಲೊಂದು ಉಬ್ಬು ಹೊತ್ತು ಕಾಳಿಂಗ ತಾನೇ ಹೊರಟಿತು. ಕೊಟ್ಟಿಗೆಗೆ ಹೊಸ ಕೇರೆ ಬರುವ ತನಕ ಇಲಿಗಳಿಗೆ ಹಬ್ಬ.

ಇಷ್ಟು ದಿನ ಒಂದೇ ಪ್ರಭೇದವೆಂದು ಎಣಿಸುತ್ತಿದ್ದ ಕಾಳಿಂಗವನ್ನು 2024ರಲ್ಲಿ ನಾಲ್ಕಾಗಿ ವಿಂಗಡಿಸಿದರು. ನಮ್ಮ ಪಶ್ಚಿಮಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಎಂದು ಹೆಸರು. ಮೊದಲ ಪದಕ್ಕೆ ಹಾವು ತಿನ್ನುವುದು ಎಂದರ್ಥ, ಎರಡನೆಯದು ನಮ್ಮ ಅಜ್ಜಿಯ ಬಾಯಲ್ಲಿದ್ದದ್ದೇ. ಇಂಗ್ಲಿಷ್ ಅಕ್ಷರ ಬಾರದ ಅಜ್ಜಿ ಅರ್ಧ ವೈಜ್ಞಾನಿಕ ಹೆಸರು ಹೇಳಿಕೊಂಡೇ ಬದುಕಿದ್ದಳು.

ಈ ಸಲ ಬಚ್ಚಲ ಜಂತಿಯಲ್ಲಿ ಕೇರೆಯ ಪೊರೆ ಸಿಕ್ಕಿತು. ತಲೆಯ ಭಾಗ ಹರಿದಿರಲಿಲ್ಲ. ಕಣ್ಣಿನ ಜಾಗದಲ್ಲಿ ಎರಡು ಪುಟ್ಟ ಗಾಜಿನಂಥ ಬಿಲ್ಲೆ, ಬೆಳಕಿಗೆ ಹಿಡಿದರೆ ಆಚೆಯ ತೋಟ ಕಾಣುವಷ್ಟು ತಿಳಿ. ಹಾವಿಗೆ ರೆಪ್ಪೆಯಿಲ್ಲ, ಕಣ್ಣ ಮೇಲಿನ ಹೊದಿಕೆಯೂ ಪೊರೆಯ ಜೊತೆಗೇ ಕಳಚುತ್ತದೆ. ಅಮ್ಮ ಅಳೆದು "ಐದು ಮೊಳ" ಎಂದಳು. ಪೊರೆ ಕಳಚುವಾಗ ಹಿಗ್ಗುತ್ತದೆ, ಹಾವು ಅಷ್ಟುದ್ದ ಇರುವುದಿಲ್ಲ ಎಂದೆ. ಕೇಳಿಸಿಕೊಳ್ಳಲಿಲ್ಲ. ಇಲಿ ಹೆದರಲಿ ಎಂದು ಪಣತದ ಪಕ್ಕದ ಮೊಳೆಗೆ ತೂಗು ಹಾಕಿದಳು. ಎಂಟು ದಿನದಲ್ಲಿ ಇಲಿಗಳು ಅದನ್ನೂ ಕಡಿದು ಅರ್ಧ ಹೊತ್ತೊಯ್ದಿದ್ದವು. ಈಗ ಆ ಮೊಳೆಗೆ ಕ್ಯಾಲೆಂಡರ್ ಬಂದಿದೆ.