ನೀರಿಗೆ ಅಚ್ಚು ಹಾಕಬಹುದೆ?

ತಣ್ಣನೆಯ ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಮಂಜು ಕಟ್ಟುವುದನ್ನು ನೀವು ಬಲ್ಲಿರಿ. ಆ ಮಂಜು ನಾವು ಬಯಸಿದ ಗೆರೆಗಳಲ್ಲಷ್ಟೇ ಕಟ್ಟುವಂತೆ ಮಾಡಬಹುದೆ? ಮಾಡಬಹುದೆಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಮಿತ್ ಕುಮಾರ್ ಮತ್ತು ಜಾರ್ಜ್ ವೈಟ್‌ಸೈಡ್ಸ್ 1994ರಲ್ಲಿ 'ಸೈನ್ಸ್' ಪತ್ರಿಕೆಯ ಪ್ರಬಂಧವೊಂದರಲ್ಲಿ ತೋರಿಸಿದರು.

ಅವರ ವಿಧಾನದ ಹೆಸರು ಸೂಕ್ಷ್ಮ ಸಂಪರ್ಕ ಮುದ್ರಣ. ಗೆರೆಗಳುಳ್ಳ ಸಿಲಿಕೋನ್ ರಬ್ಬರಿನ ಮೊಹರಿಗೆ ಥಯಾಲ್ ಎಂಬ ಗಂಧಕಯುಕ್ತ ಸಂಯುಕ್ತವನ್ನು ಶಾಯಿಯಂತೆ ಹಚ್ಚಿ ಚಿನ್ನದ ತೆಳುಲೇಪದ ಮೇಲೆ ಒತ್ತುತ್ತಾರೆ. ಅಣುವಿನ ಗಂಧಕ ಚಿನ್ನಕ್ಕೆ ಅಂಟಿಕೊಳ್ಳುತ್ತದೆ; ಹೊರಕ್ಕೆ ಚಾಚಿದ ಮೀಥೈಲ್ ತುದಿ ನೀರನ್ನು ದೂರವಿಡುತ್ತದೆ. ಉಳಿದ ಜಾಗಕ್ಕೆ ಕಾರ್ಬಾಕ್ಸಿಲಿಕ್ ಆಮ್ಲದ ತುದಿಯುಳ್ಳ ಥಯಾಲ್ ತುಂಬಿದರೆ ಅದು ನೀರನ್ನು ಸೆಳೆಯುತ್ತದೆ. ಪದರದ ದಪ್ಪ ಸುಮಾರು 2 ನ್ಯಾನೊಮೀಟರ್ ಅಷ್ಟೆ. ತೇವದ ಗಾಳಿಯಲ್ಲಿ ಇದನ್ನು ಇಬ್ಬನಿ ಬಿಂದುವಿಗಿಂತ ತಂಪು ಮಾಡಿದಾಗ ಹನಿಗಳ ಸಾಲುಗಳೇ ವಿವರ್ತನಾ ಜಾಲರಿಯಾದವು. ಕಣ್ಣಿಗೆ ಕಾಣದ ಅಣುಪದರವನ್ನು ಬರಿಯ ಇಬ್ಬನಿ ಬಯಲು ಮಾಡಿತಲ್ಲ, ಪ್ರಬಂಧದ ಸೊಗಸು ಅದೇ.

ಆದರೆ 'ಮುದ್ರಣ' ಎಂಬ ಪದದ ಬಗ್ಗೆ ನನ್ನ ತಕರಾರಿದೆ. ಕೇಳಿದೊಡನೆ ವಿದ್ಯಾರ್ಥಿಗಳು ಅಂಚೆಯ ಮೊಹರನ್ನು ಕಲ್ಪಿಸಿಕೊಳ್ಳುತ್ತಾರೆ. ಒತ್ತಿದ ಆಕಾರವೇ ಮೂಡುತ್ತದೆಂದು ನಂಬುತ್ತಾರೆ. ಇಲ್ಲಿ ಮೊಹರು ಕೊಡುವುದು ಗಡಿಯನ್ನು ಮಾತ್ರ. ಗಡಿಯೊಳಗೆ ದ್ರವ ಹೇಗೆ ನಿಲ್ಲಬೇಕೆಂಬುದು ಮೇಲ್ಮೈ ಎಳೆತದ ಕೆಲಸ. 1999ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಗಾವ್, ಹರ್ಮಿಂಗ್‌ಹೌಸ್, ಲೆಂಜ್ ಮತ್ತು ಲಿಪೋವ್‌ಸ್ಕಿ ಅವರ ಪ್ರಬಂಧ ನನಗೆ ಹೆಚ್ಚು ಮೆಚ್ಚಿಗೆಯಾಗುವುದು ಇದಕ್ಕೇ. ಜಲಾಕರ್ಷಕ ಪಟ್ಟಿಯ ಮೇಲೆ ನೀರು ಮೊದಲು ಒಂದೇ ಸಮನಾದ ದಿಂಡಾಗಿ ಮಲಗುತ್ತದೆ. ನೀರು ಹೆಚ್ಚಿದಂತೆ, ಒಂದು ಹಂತದಲ್ಲಿ, ಒಂದೇ ಕಡೆ ಉಬ್ಬು ಏಳುತ್ತದೆ! ಲೆಕ್ಕ ಹಾಕಿ ನೋಡಿ. ದಿಂಡಿನೊಳಗಿನ ಅಧಿಕ ಒತ್ತಡವೆಂದರೆ ಮೇಲ್ಮೈ ಎಳೆತವನ್ನು ವಕ್ರತಾ ತ್ರಿಜ್ಯದಿಂದ ಭಾಗಿಸಿದ್ದು. ಪಟ್ಟಿಯ ಅಗಲ ಬದಲಾಗದು. ಆದ್ದರಿಂದ ಸಂಪರ್ಕ ಕೋನ 90° ಆದಾಗ ತ್ರಿಜ್ಯ ಕನಿಷ್ಠ, ಒತ್ತಡ ಗರಿಷ್ಠ. ಅದನ್ನು ದಾಟಿದರೆ ನೀರು ತುಂಬಿದಷ್ಟೂ ಒತ್ತಡ ಇಳಿಯುತ್ತದೆ. ತುಸು ದಪ್ಪಗಾದ ಭಾಗ ಪಕ್ಕದ ನೀರನ್ನು ಎಳೆದುಕೊಂಡು ಇನ್ನಷ್ಟು ಉಬ್ಬುತ್ತದೆ. (ನಳಿಕೆಯಿಂದ ಜೋಡಿಸಿದ ಎರಡು ಸೋಪಿನ ಗುಳ್ಳೆಗಳಲ್ಲಿ ಸಣ್ಣದು ಕುಗ್ಗಿ ದೊಡ್ಡದು ಹಿಗ್ಗುವುದನ್ನು ಅಧ್ಯಾಪಕರು ತರಗತಿಯಲ್ಲಿ ತೋರಿಸಬಹುದು, ತತ್ತ್ವ ಒಂದೇ.)

'ಅಗ್ಗದ ವಿಧಾನ' ಎಂಬ ಹೊಗಳಿಕೆಯನ್ನೂ ಎಚ್ಚರದಿಂದ ಓದಿ. ಮೊಹರೇನೋ ಅಗ್ಗ, ಅದನ್ನು ಎರಕ ಹೊಯ್ಯುವ ಮೂಲ ಅಚ್ಚನ್ನು ಸಾಮಾನ್ಯವಾಗಿ ಫೋಟೊಲಿಥೋಗ್ರಫಿಯಿಂದಲೇ ಮಾಡಬೇಕು. ಮೃದು ರಬ್ಬರ್ ಬಾಗುತ್ತದೆ, ಶಾಯಿ ಗಡಿಯಾಚೆ ಹರಡುತ್ತದೆ. ಕಂಪ್ಯೂಟರ್ ಚಿಪ್ ತಯಾರಿಕೆಯಲ್ಲಿ ಇದು ಫೋಟೊಲಿಥೋಗ್ರಫಿಯ ಸ್ಥಾನ ಪಡೆಯಲಿಲ್ಲ.

ದ್ರವದ ಹಟವೇ ವರವಾಗುವುದು ಪಾಲಿಮರ್ ವಿಷಯದಲ್ಲಿ. ಪಾಲಿಮರ್ ಆಗಬಲ್ಲ ದ್ರವವು ತನ್ನನ್ನು ಸೆಳೆಯುವ ಪುಟ್ಟ ವೃತ್ತದೊಳಗೆ ನಿಂತಾಗ ತಾನಾಗಿ ಗುಮ್ಮಟದ ಆಕಾರ ತಾಳುತ್ತದೆ. ಅತಿನೇರಳೆ ಬೆಳಕಿನಿಂದ ಅದನ್ನು ಗಟ್ಟಿಯಾಗಿಸಿದರೆ ಸೂಕ್ಷ್ಮ ಮಸೂರ ಸಿದ್ಧ. ವೃತ್ತದ ವ್ಯಾಸವನ್ನೋ ದ್ರವದ ಪ್ರಮಾಣವನ್ನೋ ಬದಲಿಸಿದರೆ ಮಸೂರದ ಸಂಗಮ ದೂರವೂ ಬದಲಾಗುತ್ತದೆ.